ಮಡಿಯಲ್ಲಿ ಕುದುರೆ ಸವಾರಿ

ನಮ್ಮ ಹಿತ್ತಿಲಿನ ಹಗ್ಗದ ಮೇಲೆ ದಿನವೂ ಎರಡು ಮಡಿ ಇರುತ್ತವೆ. ಒಂದು ನನ್ನ ಪಂಚೆ, ಇನ್ನೊಂದು ಕರಿಕಂಬಳಿ. ಪಂಚೆ ಒಗೆದು ಹಾಕಿದ್ದು, ಕಂಬಳಿ ಬೆವರು ಆರಲೆಂದು ಹರವಿದ್ದು. "ಕಂಬಳಿ ಯಾರದ್ರೀ ಆಚಾರ್ರ?" ಎಂದು ಮನೆಯ ಒಡತಿ ಮೊದಲ ಸಲ ಕೇಳಿದಾಗ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. "ಕುದುರೀದು." ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಹೆಂಡತಿ ಹೋದ ಮೇಲೆ ಗಂಡಸರಿಗೆ ಹೀಗೆಲ್ಲ ಆಗುವುದುಂಟು ಎಂದುಕೊಂಡರೋ ಏನೋ, ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಕುದುರೆಗೂ ಮಡಿಯುಂಟೆ ಎಂದು ನೀವೂ ಕೇಳಬಹುದು. ಕುದುರೆಗಿಲ್ಲ, ಅದರ ಮೇಲೆ ಕೂರುವವನಿಗಿದೆ. ನಾನು ಕಮಲಾಪುರದಲ್ಲಿ ಬಾಡಿಗೆ ಮನೆಯಲ್ಲಿರುವ ಒಬ್ಬ ಸಣ್ಣ ಅರ್ಚಕ. ಹಂಪಿಯ ಕಡೆ ಬಂಡೆಗಳ ಸಂದಿಯಲ್ಲಿ ಒಂದು ಪ್ರಾಣದೇವರ ಗುಡಿಯಿದೆ. ಅದು ಪ್ರವಾಸಿಗರ ನಕಾಶೆಯಲ್ಲಿಲ್ಲ. ದಾರಿ ತಪ್ಪಿದ ವಿದೇಶಿಯರು ಅಪರೂಪಕ್ಕೆ ಬರುತ್ತಾರೆ, ನೀರು ಕುಡಿದು, ಮಂಗನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಅಡಿಗೆ ಮಾಡಿ, ಕಾಲುವೆ ದಂಡೆಯ ಮೇಲೆ ನಡೆದು, ಬಾಳೆತೋಟ ದಾಟಿ, ಬಂಡೆ ಹತ್ತಿ ದೇವರಿಗೆ ನೈವೇದ್ಯ ಒಯ್ಯುವುದು ನನ್ನ ಕೆಲಸ. ದಂಡೆಯ ಮೇಲೆ ಮೋಟಾರ್ ಸೈಕಲ್ ಹೋಗುತ್ತದೆ. ಆಮೇಲೆ ಮನುಷ್ಯರು, ಮಂಗಗಳು ಮತ್ತು ಆಡುಗಳು ಮಾತ್ರ.

ಕಳೆದ ಮಳೆಗಾಲದಲ್ಲಿ ಆ ಬಂಡೆಯ ಮೇಲೆ ಜಾರಿ ಬಿದ್ದೆ. ನೈವೇದ್ಯದ ಪಾತ್ರೆಗೆ ಏನೂ ಆಗಲಿಲ್ಲ, ಮೊಣಕಾಲು ಒಡೆಯಿತು. ಹೊಸಪೇಟೆಯ ಡಾಕ್ಟರು ಒಳಗೆ ಉಕ್ಕಿನ ಪಟ್ಟಿ ಕೂರಿಸಿ, "ಇನ್ನು ಮೇಲೆ ಮನಿ, ಕಟ್ಟಿ, ಅಷ್ಟ" ಎಂದರು. ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮ ರಾಘವ ಅದನ್ನೇ ಕಾಯುತ್ತಿದ್ದನೇನೋ. ಅವರ ಕಾಲೋನಿಯಲ್ಲಿ ಹೊಸ ಗುಡಿ ಕಟ್ಟಿದ್ದಾರೆ. ಅಲ್ಲಿ ಗ್ರಾನೈಟ್ ನೆಲ, ಗರ್ಭಗುಡಿಯ ಪಕ್ಕದಲ್ಲೇ ನಲ್ಲಿ, ಅರ್ಚಕರ ತಲೆಯ ಮೇಲೆ ಫ್ಯಾನು. "ಬಂದುಬಿಡು ಅಣ್ಣಾ. ಒಬ್ಬನ ಅಲ್ಲಿ ಏನ್ ಮಾಡ್ತಿ? ನಿನ್ನ ಪ್ರಾಣದೇವ್ರಿಗೆ ಹೊಸಪ್ಯಾಟಿಯಿಂದ ಯಾರಾದ್ರೂ ಶನಿವಾರಕ್ಕೊಮ್ಮೆ ಬಂದು ಪೂಜಿ ಮಾಡ್ತಾರ" ಎಂದ. ಅವನು ಕೆಟ್ಟದ್ದೇನೂ ಹೇಳಲಿಲ್ಲ. ರಾಮನವಮಿಯೊಳಗೆ ನಾನೇ ದಿನಾ ಗುಡಿಗೆ ಹೋಗಿ ಬರುವಂತಾದರೆ ಇಲ್ಲಿರುತ್ತೇನೆ, ಇಲ್ಲದಿದ್ದರೆ ಹಾಸಿಗೆ ಸುತ್ತಿಕೊಂಡು ಸಂಡೂರಿಗೆ ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ.

ಶನಿವಾರಕ್ಕೊಮ್ಮೆ ಊಟ ಮಾಡಿದರೆ ಪ್ರಾಣದೇವರೇನೂ ಸೊರಗುವುದಿಲ್ಲ. ಸಮುದ್ರ ಹಾರಿದವನು, ಅಷ್ಟು ತಡೆದುಕೊಳ್ಳುತ್ತಾನೆ. ತಡೆಯಲಾಗದವನು ನಾನು. ನನಗೆ ಬೇಕಾಗಿದ್ದದ್ದು ಗುಡಿಗಿಂತ ಹೆಚ್ಚಾಗಿ ಆ ದಾರಿ. ತಮ್ಮನಿಗೆ ಇದನ್ನು ಹೇಳಲು ನಾಚಿಕೆಯಾಯಿತು, ನಿಮಗೆ ಹೇಳುತ್ತೇನೆ.

ಸ್ನಾನ ಮಾಡಿ ಮಡಿಯುಟ್ಟ ಮೇಲೆ ನೈವೇದ್ಯ ಆಗುವವರೆಗೆ ಬಾಯಿ ಬಿಡಬಾರದು. ಇದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಶಾಸ್ತ್ರದಲ್ಲಿ ಇಷ್ಟು ಬಿಗಿ ಇದೆಯೋ ಇಲ್ಲವೋ ನಾನು ಯಾರನ್ನೂ ಕೇಳಿಲ್ಲ. ಮಾತಾಡದಿರುವುದು ನನ್ನ ಸ್ವಭಾವಕ್ಕೂ ಸರಿಹೋಗಿತ್ತು. ನನ್ನ ಹೆಂಡತಿ ಸುಶೀಲೆಗೆ ಅಂಥ ಕಟ್ಟು ಇರಲಿಲ್ಲ. ಮೈ ಸೋಕದಷ್ಟು ಅಂತರ ಬಿಟ್ಟು, ಹೂವಿನ ಬುಟ್ಟಿ ಹಿಡಿದು ನನ್ನ ಹಿಂದೆ ಬರುತ್ತಿದ್ದಳು. ಮನೆ ಹೊಸಿಲು ದಾಟುವಾಗ ಶುರುವಾದ ಮಾತು ಗುಡಿಯ ಗಂಟೆ ಹೊಡೆದ ಮೇಲೇ ನಿಲ್ಲುತ್ತಿದ್ದದ್ದು. ಕುಕ್ಕರಿನ ರಬ್ಬರು ಹೋದದ್ದು, ಕಂಪ್ಲಿಯ ತವರಿನಲ್ಲಿ ತಮ್ಮನ ಹೆಂಡತಿ ಮೆಣಸಿನಕಾಯಿಗೆ ಉಪ್ಪು ಹಾಕದೆ ಒಣಗಿಸಿದ್ದು, ಡ್ಯಾಮಿನ ಗೇಟು ತೆಗೆದಾಗ ನೀರಿನ ಹೊಗೆಯಲ್ಲಿ ತಾನು ಕಳೆದುಕೊಂಡ ಒಂದು ಚಪ್ಪಲಿ, ಎದುರು ಮನೆಯವರ ಸೊಸೆ ಸಿಟ್ಟಿನಲ್ಲಿ ಬಾಗಿಲು ಹಾಕಿಕೊಳ್ಳುವ ಸಪ್ಪಳ. ನಾನು ಮುಂದೆ, ಅವಳ ಮಾತು ಹಿಂದೆ. ಬರುವಾಗ ನಾನು ಮಾತಾಡಬಹುದಿತ್ತು. ಆದರೆ ಆ ಹೊತ್ತಿಗೆ ಹೊಟ್ಟೆ ಹಸಿದಿರುತ್ತಿತ್ತು, ಅವಳ ಮಾತೂ ಖರ್ಚಾಗಿರುತ್ತಿತ್ತು.

ಒಮ್ಮೆ ಅವಳಿಗೆ ನನ್ನ ಮೌನ ಪರೀಕ್ಷಿಸುವ ಮನಸ್ಸಾಯಿತು. ದರೋಜಿಯ ಕಾಡಿನಿಂದ ಕರಡಿಗಳು ರಾತ್ರಿ ಬಾಳೆತೋಟದವರೆಗೂ ಬರುತ್ತವೆ ಎಂಬ ಸುದ್ದಿ ಆಗಿನ್ನೂ ಬಿಸಿಯಾಗಿತ್ತು. ತೋಟದ ನಡುವೆ ಹಿಂದಿನಿಂದ ಒಮ್ಮೆಲೆ, "ರೀ, ಕರಡಿ!" ಎಂದು ಕೂಗಿದಳು. ನಾನು ಕೂಗಲಿಲ್ಲ. ಪಾತ್ರೆ ಎದೆಗೆ ಅವಚಿಕೊಂಡು ಓಡಿದೆ. ಓಡುವಾಗ ಪಂಚೆಯ ಕಚ್ಚೆ ಕಳಚಿತು. ಅವಳು ದಂಡೆಯ ಮೇಲೆ ಕೂತು ನಕ್ಕಳು. "ಭಾಳ ಗಟ್ಟಿ ಅದ ನಿಮ್ ಮೌನ. ಹೆಂಡ್ತಿ ಕರಡಿ ಬಾಯಾಗ ಹೋದ್ರೂ ಮುರಿಯೂದಿಲ್ಲ!" ಅದನ್ನು ಅವಳು ಊರೆಲ್ಲ ಹೇಳಿಕೊಂಡು ಬಂದಳು.

ಅವಳು ತೀರಿಹೋದ ಮೇಲೂ ಮನೆಯಲ್ಲಿ ಅವಳ ಸೀರೆಗಳಿವೆ, ಡಬ್ಬಿಗಳ ಮೇಲೆ ಅವಳು ಅಂಟಿಸಿದ ಚೀಟಿಗಳಿವೆ. ಆದರೆ ಅವಳ ದನಿ ಆ ಮನೆಯಲ್ಲಿ ಕೇಳುವುದಿಲ್ಲ. ಕಾಲುವೆ ದಂಡೆ ಹತ್ತಿದರೆ ಮಾತ್ರ ಬೆನ್ನ ಹಿಂದೆ ಯಾರೋ ಇದ್ದಂತೆ ಆಗುತ್ತದೆ. ಆ ದಾರಿ ಬಿಟ್ಟು ಫ್ಯಾನಿನ ಕೆಳಗೆ ಹೋಗಿ ನಿಂತರೆ ಅವಳು ನನಗೆ ಇನ್ನೆಲ್ಲಿಯೂ ಸಿಗುವುದಿಲ್ಲ.

ಕುದುರೆಯ ವಿಚಾರ ತೆಗೆದವನು ಬಾಳೆತೋಟದ ಹನುಮಂತಪ್ಪ. ಅವನ ಬೀಗರದು ಕಂಪ್ಲಿಯ ಹತ್ತಿರ ಗದ್ದೆ. ಭತ್ತ ಕೊಯ್ದ ಮೇಲೆ ಅಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಕುರಿ ಕಾಯುವವರು ಬಡಗಣ ಸೀಮೆಯಿಂದ ಊರೂರು ನಡೆದು ಬರುವ ಜನ. ಅವರ ಸಂಸಾರವೆಲ್ಲ ತಟ್ಟು ಎನ್ನುವ ಗಿಡ್ಡ ಕುದುರೆಗಳ ಬೆನ್ನ ಮೇಲೆ. "ಅವ್ರೀಗ ಸಣ್ಣ ಗಾಡಿ ತಗಂಡಾರ್ರಿ ಆಚಾರ್ರ, ತಟ್ಟು ಮಾರ್ತಾರಂತ. ಬಂಡೆ ಗಿಂಡೆ ಅದಕ್ಕೇನ್ ಲೆಕ್ಕಿಲ್ಲ, ಗುಡ್ಡಾನ ಹತ್ತತಾವು" ಎಂದ. ಹೋದೆವು.

ಮಾರುವವಳ ಹೆಸರು ಮಲ್ಲವ್ವ. ನಾವು ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ, ನಾಯಿ, ಕೋಳಿ, ಎದುರಿಗಿಲ್ಲದ ಗಂಡ, ನಾವು, ಕುದುರೆ, ಎಲ್ಲರ ಜೊತೆಗೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು. "ಏ ಕೆಂಚಿ, ನೆಟ್ಟಗ ನಿಂದ್ರ ಯವ್ವಾ, ಸ್ವಾಮ್ಯಾರು ನೋಡಾಕ ಬಂದಾರ. ಆ ಕೋಳಿ ನೋಡು ಹಿಟ್ಟಿಗೆ ಬಾಯಿ ಹಾಕ್ತೈತಿ. ಎಲ್ಲಿ ಸತ್ತನೋ ಈ ಮನಿಶ್ಯಾ, ಗಾಡಿ ತಂದಾಗಿಂದ ಕಣ್ಣಿಗೆ ಬೀಳವಲ್ಲ. ಕುಂದರ್ರಿ ಯಪ್ಪಾ." ಕೆಂಚಿ ಕೆಂಪು ಬಣ್ಣದ ಗಿಡ್ಡ ಹೆಣ್ಣು ಕುದುರೆ. ಅದರ ಕಣ್ಣು ಕಂಡರೆ ಎಂಥವರಿಗೂ ಸಾಧುವೆನಿಸುತ್ತದೆ.

"ಇದರ ಮ್ಯಾಲ ಯಾರಾದ್ರೂ ಕೂತಾರೇನವ್ವಾ?" ಎಂದು ಕೇಳಿದೆ.

"ಮರಿ ಕುಂತಾವು, ಗಡಗಿ ಕುಂತಾವು, ಗುಡಾರ ಕುಂತೈತಿ. ಮನಿಶ್ಯಾರು ಕುಂತಿಲ್ರಿ. ಗಡಗಿಗಿಂತ ನೀವೇನ್ ಭಾಳ ವಜ್ಜಿ ಇಲ್ಲ ಬಿಡ್ರಿ." ನಾನು ಬಡಕಲು ಮನುಷ್ಯ, ಆ ಮಾತಿಗೆ ಎದುರಾಡುವಂತಿರಲಿಲ್ಲ.

ಉಳಿದದ್ದು ಮಡಿಯ ಪ್ರಶ್ನೆ. ಹೊಸಪೇಟೆಯಲ್ಲಿರುವ ನಮ್ಮ ಸೋದರಮಾವ ಗುಂಡಾಚಾರ್ಯರಿಗೆ ಫೋನು ಮಾಡಿದೆ. ಅವರಿಗೆ ವಯಸ್ಸು ಬಹಳವಾಗಿದೆ. ಧರ್ಮಸಂಕಟಗಳೆಂದರೆ ಅವರಿಗೆ ಮಧ್ಯಾಹ್ನದ ಕಾಫಿಯಷ್ಟೇ ಪ್ರೀತಿ. "ಕುದುರೀ ಮುಖದ ದೇವ್ರಿಗೆ ಕೈ ಮುಗಿಯೋ ಜನ ನಾವು. ಮುಖಕ್ಕಿಲ್ಲದ ಮೈಲಿಗಿ ಬೆನ್ನಿಗೆ ಎಲ್ಲಿಂದ ಬಂತೋ? ಚರ್ಮದ ಜೀನು ಮಾತ್ರ ಬ್ಯಾಡ. ಕಂಬಳಿ ಹಾಸು, ಉಣ್ಣಿಗೆ ಮೈಲಿಗಿ ಇಲ್ಲ" ಎಂದು ತೀರ್ಪು ಕೊಟ್ಟರು. ಹೀಗೆ ಒಂದು ಬೆಳಿಗ್ಗೆ ಕಂಬಳಿ ಹಾಸಿ, ನೂಲಿನ ಹಗ್ಗ ಬಿಗಿದು, ಕಟ್ಟೆಯ ಮೇಲಿಂದ ಕೆಂಚಿಯ ಬೆನ್ನಿಗೆ ಜಾರಿದೆ. ತೊಡೆಯ ಮೇಲೆ ಪಾತ್ರೆ, ಹಣೆಯಲ್ಲಿ ಅಂಗಾರ, ಕೈಯಲ್ಲಿ ಹಗ್ಗ. ಎದುರು ಮನೆಯ ಸೊಸೆ ಸಿಟ್ಟು ಮರೆತು ಬಾಗಿಲು ತೆರೆದು ನೋಡಿದಳು.

ಕೆಂಚಿ ಕದಲಲಿಲ್ಲ.

ನಾಲ್ಕು ಕಾಲನ್ನೂ ನೆಲಕ್ಕೆ ಊರಿ, ಕತ್ತು ಚಾಚಿ, ಬಸ್ಸಿಗೆ ಕಾಯುವವರ ಹಾಗೆ ನಿಂತಿತು. ಹಿಮ್ಮಡಿಯಿಂದ ಮೆಲ್ಲಗೆ ತಿವಿದೆ. ಹಗ್ಗ ಜಗ್ಗಿದೆ. ಬೆಲ್ಲ ತೋರಿಸಿದೆ. ಬೆಲ್ಲ ತಿಂದು ಅಲ್ಲೇ ನಿಂತಿತು. ಬೇವಿನ ಕಡ್ಡಿ ತೋರಿಸಿದೆ, ಅದರ ಎಲೆಗಳನ್ನೂ ತಿಂದಿತು. ಹೊಡೆಯಲು ನನಗೆ ಕೈ ಬರಲಿಲ್ಲ. ಇಳಿದು ಕುಂಟುತ್ತ ನಡೆದರೆ ಹಿಂದೆ ಹಿಂದೆಯೇ ಬರುತ್ತಿತ್ತು. ಅರ್ಧ ಫರ್ಲಾಂಗು ಹೋಗಿ, ಒಂದು ಕಲ್ಲಿನ ಮೇಲೆ ನಿಂತು ಮತ್ತೆ ಹತ್ತಿದರೆ ಮತ್ತೆ ಕಂಬ. ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಹೇಳಿಕೊಟ್ಟಿದ್ದರು, ಅದಕ್ಕಾಗಿಯೇ ನಾನು ಕುದುರೆ ಕೊಂಡೆನೆಂದು ಊರವರು ತಿಳಿದರು. ಪಶುವೈದ್ಯರು ಬಂದು ಗೊರಸು, ಹಲ್ಲು, ಬೆನ್ನು ಎಲ್ಲ ನೋಡಿ, "ಇದಕ್ಕೇನೂ ಆಗಿಲ್ರಿ. ಮನಸಿಲ್ಲ ಅಷ್ಟ" ಎಂದರು.

ಹನುಮಂತಪ್ಪ ಒಂದು ದಿನ ತೋಟದ ಕೆಲಸ ಬಿಟ್ಟು ಜೊತೆಗೆ ಬಂದ. ಬಾಳೆ ವ್ಯಾಪಾರಿಯ ಜೊತೆ ದಾರಿಯುದ್ದಕ್ಕೂ ಫೋನಿನಲ್ಲಿ ಜಗಳವಾಡುತ್ತ ಪಕ್ಕದಲ್ಲಿ ನಡೆದ. ಕೆಂಚಿ ಬಂಡೆಯ ಮೆಟ್ಟಿಲನ್ನೂ ಹತ್ತಿ ಗುಡಿಯ ಮುಂದೆ ನಿಂತಿತು. "ನೋಡ್ರಿ, ಕಲ್ತೈತಿ!" ಎಂದ. ನನಗೆ ಕಣ್ಣಲ್ಲಿ ನೀರೇ ಬಂತು. ಮರುದಿನ ನಾನೊಬ್ಬನೇ ಹತ್ತಿದೆ. ಕೆಂಚಿ ಏನನ್ನೂ ಕಲಿತಿರಲಿಲ್ಲ. ಅವನು ದಿನಾ ಬರುವಂತಿರಲಿಲ್ಲ, ನಾನು ದಿನಾ ಕೇಳುವಂತಿರಲಿಲ್ಲ. ರಾಮನವಮಿ ಹತ್ತಿರವಾಗುತ್ತಿತ್ತು. ಟ್ರಂಕಿನಲ್ಲಿ ಏನೇನು ಹಿಡಿಸೀತು ಎಂದು ನೋಡತೊಡಗಿದೆ.

ಹೀಗಿರುವಾಗ ಒಂದು ದಿನ ಕಾಲುವೆಯ ತಿರುವಿನಲ್ಲಿ ಅದು ನಿಂತಾಗ ಬಿಸಿಲು ನೆತ್ತಿಗೆ ಬಂದಿತ್ತು. ಪಾತ್ರೆಯಲ್ಲಿ ಅನ್ನ ಆರುತ್ತಿತ್ತು. ಮೊಣಕಾಲಿನೊಳಗಿನ ಪಟ್ಟಿ ಚಳುಕು ಹೊಡೆಯುತ್ತಿತ್ತು. ಅಪ್ಪನ ಕಾಲದಿಂದ ಕಾಪಾಡಿಕೊಂಡು ಬಂದ, ಕರಡಿಗೂ ಮುರಿಯದ ಮೌನ ಆಗ ಮುರಿಯಿತು.

"ಎಲ್ಲಿಂದ ಗಂಟು ಬಿದ್ದ್ಯೇ ನನಗ! ಒಂದ್ ಕಾಲು ಮುರೀತು, ಇನ್ನೊಂದೂ ಮುರೀಲಿ ಅಂತೀಯೇನು? ಅಲ್ಲಿ ದೇವ್ರು ಉಪವಾಸ, ಇಲ್ಲಿ ನಾನು ಉಪವಾಸ, ನೀ ಮಾತ್ರ ಹುರುಳಿ ಬಾರ್ಸಿ ಬಂದು ನೀರಿನ ಚಂದ ನೋಡ್ಕೋತ ನಿಂತೀ. ನನ್ ಹಣೆಬರಹಕ್ಕ ನೀ ಒಬ್ಬಾಕಿ ಕಡಿಮಿ ಇದ್ದಿ ನೋಡು..."

ಕೆಂಚಿಯ ಕಿವಿಗಳೆರಡೂ ಹಿಂದಕ್ಕೆ ತಿರುಗಿದವು. ತಲೆ ಕುಣಿಸಿತು. ನಡೆಯತೊಡಗಿತು. ನಾನು ಬೆರಗಾಗಿ ಬಾಯಿ ಮುಚ್ಚಿದೆ. ನಿಂತಿತು. ಮತ್ತೆ ಬೈದೆ. ನಡೆಯಿತು. ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಮಲ್ಲವ್ವನ ದನಿ ಕೇಳುತ್ತ ಊರೂರು ತಿರುಗಿದ ಪ್ರಾಣಿ ಇದು. ಅದರ ಲೆಕ್ಕದಲ್ಲಿ ಮಾತು ನಡೆಯುತ್ತಿದ್ದರೆ ಪ್ರಯಾಣ ನಡೆಯುತ್ತಿದೆ ಎಂದರ್ಥ. ಮಾತು ನಿಂತರೆ ಗುಡಾರ ಬಿಚ್ಚುವ ಜಾಗ ಬಂತೆಂದೇ ಅದು ನಂಬಿತ್ತು. ಮೌನವ್ರತದವನನ್ನು ಹೊತ್ತಿದ್ದ ಆ ಬಡಪಾಯಿ, ಇವನೇಕೆ ಇಳಿಯುತ್ತಿಲ್ಲ ಎಂದು ನನಗಾಗಿ ಕಾಯುತ್ತ ನಿಲ್ಲುತ್ತಿತ್ತು.

ವ್ರತವೂ ಉಳಿಯಲಿ, ಕುದುರೆಯೂ ನಡೆಯಲಿ ಎಂದು ಮರುದಿನ ಗಟ್ಟಿಯಾಗಿ ಸ್ತೋತ್ರ ಹೇಳಿ ನೋಡಿದೆ. ಸಂಸ್ಕೃತಕ್ಕೆ ಕೆಂಚಿ ನಾಲ್ಕು ಹೆಜ್ಜೆ ಮರ್ಯಾದೆ ಕೊಟ್ಟು ನಿಂತುಬಿಟ್ಟಿತು. ಅದಕ್ಕೆ ಬೇಕಾದದ್ದು ಮನೆಮಾತು. ಪುನಃ ಗುಂಡಾಚಾರ್ಯರಿಗೆ ಫೋನು. "ಮಾತಾಡಿದ ದೋಷಕ್ಕ ಬಲಗಿವಿ ಮುಟ್ಕೊಂಡು ದೇವರ ಹೆಸರು ಹೇಳು, ತೀರಿತು" ಎಂದರು. ಆಮೇಲೆ ಸ್ವಲ್ಪ ತಡೆದು, "ಅಷ್ಟು ಸರ್ತಿ ಮುಟ್ಟಿದ್ರ ಕಿವಿ ಕಿತ್ತು ಬಂದೀತು, ಗುಡಿ ಮುಟ್ಟಿದ ಮ್ಯಾಲ ಒಮ್ಮೆ ಮುಟ್ಕೋ" ಎಂದು ತೀರ್ಪು ತಿದ್ದಿದರು.

ಕಷ್ಟ ಶುರುವಾದದ್ದು ಆಮೇಲೆ. ದಿನಾ ಅಷ್ಟು ದೂರಕ್ಕೆ ಸಾಲುವಷ್ಟು ಮಾತು ನನ್ನಲ್ಲಿರಲಿಲ್ಲ. ಇಷ್ಟು ವರ್ಷ ಬದುಕಿದವನ ಹತ್ತಿರ ಒಂದು ಗುಡ್ಡ ಹತ್ತುವಷ್ಟೂ ಸುದ್ದಿ ಇಲ್ಲವೆಂದರೆ ನಾಚಿಕೆಗೇಡು. ಡಾಕ್ಟರ ಕಥೆ ಹೇಳಿದೆ, ಮುಗಿಯಿತು. ಮರಿಯಮ್ಮನಹಳ್ಳಿಯಲ್ಲಿ ಲಾರಿಗಳ ನಡುವೆ ನಮ್ಮ ಬಸ್ಸು ಸಿಕ್ಕಿಬಿದ್ದ ಕಥೆಯನ್ನು ಉದ್ದ ಮಾಡಿ ಹೇಳಿದೆ, ಅದೂ ತೋಟ ಬರುವ ಮೊದಲೇ ಮುಗಿಯಿತು. ನಿನ್ನೆ ಏನಾಯಿತು ಎಂದು ಹೇಳೋಣವೆಂದರೆ ನಿನ್ನೆ ಏನೂ ಆಗಿರುವುದಿಲ್ಲ. ಒಬ್ಬನೇ ಇರುವವನ ಮನೆಯಲ್ಲಿ ಹಾಲು ಉಕ್ಕಿದರೂ ಅದು ಸುದ್ದಿಯಲ್ಲ. ಕೆಂಚಿ ನಡುದಾರಿಯಲ್ಲಿ ನಿಂತು ಕಿವಿ ಹಿಂದಕ್ಕೆ ಮಾಡಿ ಕಾಯುತ್ತಿತ್ತು. ಆಗ ನನ್ನ ಬಾಯಿಂದ, ನಾನು ಯೋಚಿಸದೆಯೇ, "ಕುಕ್ಕರಿನ ರಬ್ಬರು ಹೋಗೇದ ನೋಡ್ರಿ, ಎಷ್ಟ್ ಸೀಟಿ ಹೊಡದ್ರೂ ಬ್ಯಾಳಿ ಬೇಯವಲ್ದು" ಎಂದು ಬಂತು.

ಕೆಂಚಿ ನಡೆಯಿತು.

ಹಾಗೆ ನೋಡಿದರೆ ಸುಶೀಲೆ ಹೇಳಿದ್ದೆಲ್ಲ ನನಗೆ ನೆನಪಿತ್ತು. ಉಪ್ಪಿಲ್ಲದ ಮೆಣಸಿನಕಾಯಿ, ಹೊಳೆಗೆ ಹೋದ ಚಪ್ಪಲಿ, ಬಾಗಿಲಿನ ಸಪ್ಪಳ, ಒಂದೂ ಬಿಟ್ಟಿರಲಿಲ್ಲ. ಎಲ್ಲಿ ನಗುತ್ತಿದ್ದಳು, ಎಲ್ಲಿ ಸೆರಗು ಬಾಯಿಗೆ ಹಿಡಿದು ದನಿ ತಗ್ಗಿಸುತ್ತಿದ್ದಳು, ಅದೂ ನೆನಪಿತ್ತು. ಉತ್ತರ ಕೊಡದಿದ್ದರೂ ಕೇಳಿಸಿಕೊಂಡಿದ್ದೆನಲ್ಲ ಎಂದು ನನಗೇ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ದಿನಕ್ಕೊಂದಿಷ್ಟು ತೆಗೆದು ಕೆಂಚಿಗೆ ಹೇಳತೊಡಗಿದೆ.

ರಾಮನವಮಿಯ ಹಿಂದಿನ ದಿನ ರಾಘವ ಬಂದ. ಟ್ರಂಕು ಹೊರುವುದಕ್ಕೇ ಬಂದವನ ಹಾಗೆ ತೋಳು ಮಡಚಿಕೊಂಡಿದ್ದ. "ಮೊದ್ಲು ಗುಡಿಗೆ ಬಾ" ಎಂದು, ಸ್ನಾನಕ್ಕೆ ಮೊದಲೇ ಹೇಳಿದೆ. ನಾನು ಕೆಂಚಿಯ ಮೇಲೆ, ಅವನು ಹಿಂದೆ ಹೂವಿನ ಬುಟ್ಟಿ ಹಿಡಿದು. ಮೊದಲು ಅವನು ನಕ್ಕ ಸದ್ದು ಕೇಳಿಸಿತು. "ನಮ್ಮವ್ವ ಇದ್ದಾಗ ಹಿಂಗಿರ್ಲಿಲ್ರೀ, ಕಂಪ್ಲಿ ಸಂತಿಗೆ ಹೋದ್ರ ನನಗೊಂದು ಬಳಿ ತರದ ಬರ್ತಿರ್ಲಿಲ್ಲ" ಎಂದು ನಾನು ಕೆಂಚಿಗೆ ಹೇಳುತ್ತಿದ್ದಾಗ ಅವನ ನಗು ನಿಂತಿತು. ಆಮೇಲೆ ಗುಡಿಯವರೆಗೆ ಅವನ ಚಪ್ಪಲಿಯ ಸದ್ದು ಮಾತ್ರ ಬಂತು.

ಪೂಜೆ ಮುಗಿಸಿ ಪ್ರಸಾದ ಕೊಟ್ಟಾಗ, "ಅಣ್ಣಾ, ಅದು ಸುಶೀಲಾ ವೈನೀ ಮಾತಲ್ಲೇನು?" ಎಂದ.

"ಹೌದು."

ಅನ್ನ ಕಲಸಿ ಕೊನೆಯ ಅಗುಳಿನವರೆಗೂ ಉಂಡ. "ನೀ ಬರೋದಿಲ್ಲ ಬಿಡು. ಅಲ್ಲಿ ಗುಡಿಗೂ ಮನಿಗೂ ನಡುವ ಇಷ್ಟು ದಾರಿ ಇಲ್ಲ" ಎಂದು ಸಂಜೆಯ ಬಸ್ಸಿಗೆ ಸಂಡೂರಿಗೆ ಹೊರಟುಹೋದ. ನಾನು ಗೆದ್ದಿದ್ದೆ. ಗೆದ್ದೆ ಎಂದು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಟ್ರಂಕಿನಲ್ಲಿಟ್ಟಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ.

ಈಗ ದಿನವೂ ಹೋಗಿ ಬರುತ್ತೇನೆ. ಬರುವಾಗ ಕೆಂಚಿಗೆ ಮಾತು ಬೇಕಿಲ್ಲ, ಮನೆಯಲ್ಲಿ ಹುರುಳಿ ಇರುವುದು ಅದಕ್ಕೆ ಗೊತ್ತು. ಹೋಗುವಾಗಲೇ ಎಲ್ಲ. ಸುಶೀಲೆಯ ಮಾತುಗಳನ್ನು ಎಷ್ಟು ಜಿಪುಣತನದಿಂದ ಖರ್ಚು ಮಾಡಿದರೂ ಮೊನ್ನೆ ಅವು ತಳ ಮುಟ್ಟಿದವು. ಉಳಿದದ್ದು ಅವಳು ಆ ದಾರಿಯಲ್ಲಿ ಕೊನೆಯ ಸಲ ಬಂದ ದಿನದ್ದು ಮಾತ್ರ. ಮರುದಿನ ದವಾಖಾನೆಗೆ ಸೇರುವುದಿತ್ತು. ಅವತ್ತು ಅವಳು ಹೆಚ್ಚು ಮಾತಾಡಿರಲಿಲ್ಲ. ಬಾಳೆತೋಟ ದಾಟಿದ ಮೇಲೆ ಬಂಡೆಯ ಬುಡದಲ್ಲಿ ಸ್ವಲ್ಪ ಕೂತು, ಉಸಿರು ಹಿಡಿದುಕೊಂಡು, "ಇಷ್ಟು ವರ್ಷ ನಾನ ಮಾತಾಡೀನಿ. ಇವತ್ತೊಂದ್ ದಿನ, ಒಂದ್ ಸರ್ತಿ ಹೂಂ ಅನ್ರಿ. ಅಷ್ಟ ಸಾಕು" ಎಂದಿದ್ದಳು. ನೈವೇದ್ಯ ಆದ ಮೇಲೆ ಹೇಳಿದರಾಯಿತು ಎಂದು ನಾನು ಮುಂದೆ ಹತ್ತಿದ್ದೆ. ನೈವೇದ್ಯವಾದ ಮೇಲೆ ಅವಳು ಕೇಳಲಿಲ್ಲ, ನನಗೂ ಮರೆತುಹೋಯಿತು.

ಕೆಂಚಿಗೆ ಅಷ್ಟನ್ನೂ ಹೇಳಿದೆ. ಹೇಳಿ ಮುಗಿಸುವಾಗ ನಾವು ಅದೇ ಬಂಡೆಯ ಬುಡದಲ್ಲಿದ್ದೆವು. ಮಾತು ಮುಗಿಯಿತಲ್ಲ, ಕೆಂಚಿ ನಿಂತಿತು. ಹಿಂದೆ ತಿರುಗಿ ನೋಡಿದೆ. ದಾರಿಯ ಮೇಲೆ ಬಾಳೆಯ ಒಣ ಎಲೆಗಳು ಬಿದ್ದಿದ್ದವು, ಯಾರೂ ಇರಲಿಲ್ಲ. ಗಟ್ಟಿಯಾಗಿ, "ಹೂಂ" ಎಂದೆ.

ಕೆಂಚಿ ಕದಲಲಿಲ್ಲ. ಕಿವಿ ಹಿಂದಕ್ಕೆ ಮಾಡಿ ಇನ್ನೂ ಕಾಯುತ್ತಿತ್ತು. ಅದಕ್ಕೆ ಒಂದು ಹೂಂ ಎಲ್ಲಿ ಸಾಲುತ್ತದೆ? ಸುಶೀಲೆಗೆ ಸಾಕಾಗುತ್ತಿತ್ತು.